ಗೊರಸಿಲ್ಲದ ಗ್ರಾಫ್

ನಮ್ಮ ಯಜಮಾನರು ಯಾರಿಗೂ ಕೆಟ್ಟದ್ದು ಮಾಡಿದವರಲ್ಲ. ಕೆಟ್ಟದ್ದು ಮಾಡುವುದಕ್ಕೂ ಒಂದು ಕೆಲಸವನ್ನು ಶುರುಮಾಡಿ ಮುಗಿಸುವ ಗುಣ ಬೇಕು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಅವರು ಶುರುಮಾಡಿ ಮುಗಿಸಿದ ಕೆಲಸ ನನಗೆ ನೆನಪಿರುವುದು ಒಂದೇ. ಆ ಒಂದರಿಂದಲೇ ಮೂವತ್ತೊಂದು ಪುಟ್ಟ ಮಕ್ಕಳು ಮನೆಯಲ್ಲಿ ಕೂತವು, ಕೊಳಾಯಿ ಕಂಡರೆ ಊರವರು ಆಚೆ ಬದಿಗೆ ಸರಿದು ನಡೆಯತೊಡಗಿದರು, ಒಬ್ಬ ಕಣ್ಣಿನ ಡಾಕ್ಟರು ತುಂಬಿದ ಸಭೆಯಲ್ಲಿ ನಮ್ಮವರ ರೆಪ್ಪೆ ಎತ್ತಿ ಹಿಡಿದು ನಿಂತರು.

ಅವರಿಗೆ ಊರಿನ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಹುದ್ದೆ 'ಪ್ರಭಾರಿ ಉಪಮುಖ್ಯಸ್ಥ'. ಪ್ರಭಾರಿ ಎಂದರೆ ಕೆಲಸ ಇರುತ್ತದೆ, ಕುರ್ಚಿ ಇರುವುದಿಲ್ಲ. ಇವರ ಪಾಲಿಗೆ ಕೆಲಸವೂ ಅಷ್ಟಕ್ಕಷ್ಟೆ. ಬೀದಿ ಬೀದಿ ತಿರುಗಿ ಸೀಸೆಗಳಲ್ಲಿ ನೀರು ತುಂಬಿ ತಂದು, ಯಂತ್ರಕ್ಕೆ ಹಾಕಿ, ಅಳತೆ ಬರೆದಿಡುವವಳು ಒಬ್ಬಳು ಕೆಮಿಸ್ಟ್. ಆ ಅಳತೆಗಳಿಂದ ಗ್ರಾಫ್ ಎಳೆದು ವಾರ್ಷಿಕ ವರದಿಗೆ ಸೇರಿಸುವವರು ನಮ್ಮವರು. ವರದಿ ಅಚ್ಚಾಗುವ ಮುದ್ರಣಾಲಯದಲ್ಲಿ ಕರಡು ತಿದ್ದುವವಳು ನಾನು. ಹೀಗೆ ನಮ್ಮ ಸಂಸಾರದಲ್ಲಿ ಗಂಡ ಮಾಡಿದ್ದನ್ನು ಹೆಂಡತಿ ತಿದ್ದುವ ಏರ್ಪಾಡು ಸರ್ಕಾರಿ ಖರ್ಚಿನಲ್ಲಿ ನಡೆದುಕೊಂಡು ಬಂದಿತ್ತು.

ಎಲ್ಲ ಶುರುವಾದದ್ದು ಒಂದು ವಿಚಾರ ಸಂಕಿರಣದಲ್ಲಿ. ಇವರು ತಮ್ಮ ಗ್ರಾಫನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕಿ, ಅದರ ಪಕ್ಕ ಎರಡು ದಿನ ನಿಂತಿದ್ದರು. ಯಾರೂ ಅತ್ತ ತಿರುಗಿ ನೋಡಲಿಲ್ಲ. ಎರಡನೇ ದಿನ ಮಧ್ಯಾಹ್ನ ಕಾಫಿ ಲೋಟ ಇಡಲು ಜಾಗ ಹುಡುಕುತ್ತ ಬಂದ ಹೊರಗಿನ ಪ್ರೊಫೆಸರೊಬ್ಬರು, ಇಷ್ಟು ಹತ್ತಿರ ಬಂದಮೇಲೆ ಏನೂ ಹೇಳದೆ ಹೋಗುವುದು ಹೇಗೆಂದು, "ಮಾತಿನ ಅಕ್ಷರಕ್ಕೆ ಗೊರಸಿಲ್ಲ, ಸೂತ್ರದ ಅಕ್ಷರಕ್ಕೆ ಗೊರಸಿದೆ. ಎರಡು ಊರಿನವರು ಒಂದೇ ಸೀಟಲ್ಲಿ ಕೂತ ಹಾಗಿದೆಯಲ್ರೀ" ಎಂದು ಹೇಳಿ, ಕಾಫಿ ಮುಗಿಸಿ ಹೋದರಂತೆ.

ವಿಷಯ ಇಷ್ಟೆ. ಗ್ರಾಫಿನ ಅಂಚಿನಲ್ಲಿ ಬರೆಯುವ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಬಗೆ. ಒಂದರ ತುದಿಗಳಲ್ಲಿ ಚಿಕ್ಕ ಚಿಕ್ಕ ಅಡ್ಡಗೀಟುಗಳಿರುತ್ತವೆ, ಅಕ್ಷರ ಗೊರಸೂರಿ ನಿಂತ ಹಾಗೆ. ಇನ್ನೊಂದಕ್ಕೆ ಅದಿಲ್ಲ, ಕಡ್ಡಿ ಮುರಿದಿಟ್ಟ ಹಾಗೆ ಬೋಳು. ಇವರ ಗ್ರಾಫಿನಲ್ಲಿ ಪದಗಳು ಬೋಳು, ಅವುಗಳ ಪಕ್ಕದ ಗಣಿತದ ಚಿಹ್ನೆಗಳಿಗೆ ಗೊರಸು. ಪ್ರಪಂಚದ ಅರ್ಧ ಗ್ರಾಫುಗಳು ಹೀಗೇ ಇವೆ. ಯಾರೂ ಅದಕ್ಕೆ ಊಟ ಬಿಟ್ಟಿಲ್ಲ. ನಮ್ಮವರು ಬಿಟ್ಟರು.

"ಎರಡು ದಿನದಲ್ಲಿ ಒಬ್ಬರೇ ಒಬ್ಬರು ಮಾತಾಡಿದ್ದು ಕಣೇ. ಆ ಒಬ್ಬರು ಅದನ್ನೇ ಹೇಳಿದ್ರು ಅಂದ್ಮೇಲೆ, ಉಳಿದವರು ಅದನ್ನ ನೋಡೇ ಹತ್ತಿರ ಬರ್ಲಿಲ್ಲ ಅಂತ ಅರ್ಥ ಅಲ್ವಾ?"

"ಅದನ್ನ ನೋಡೋಕೂ ಹತ್ತಿರ ಬರಬೇಕಲ್ರೀ" ಎಂದೆ.

ಅವರಿಗೆ ಕೇಳಿಸಲಿಲ್ಲ. ಮರುದಿನ ಬಾಗಿಲ ಮೇಲಿನ ಹಿತ್ತಾಳೆ ಫಲಕ ಬಿಚ್ಚಿ, ಅರ ಹಿಡಿದು ತಮ್ಮ ಹೆಸರಿನ ಗೊರಸುಗಳನ್ನು ಉಜ್ಜುತ್ತ ಕೂತರು. ಆಮೇಲೆ ಗೋಡೆ ಗಡಿಯಾರದ ಸರದಿ. ಅದರ ಅಂಕಿಗಳು ಹಳೇ ಕಾಲದ ರೋಮನ್ ಅಂಕಿಗಳು; ಒಂದೊಂದಕ್ಕೂ ಮೇಲೆರಡು ಕೆಳಗೆರಡು ಗೊರಸು. ಅದು ಮಂಚದ ಕೆಳಗೆ ಹೋಯಿತು. ಬೇರೆ ಗಡಿಯಾರ ಬರುವವರೆಗೆ ಹನ್ನೊಂದು ದಿನ ನಾವು ಹೊಟ್ಟೆ ಹಸಿವಿನ ಮೇಲೆ ಗಂಟೆ ಲೆಕ್ಕ ಹಾಕಿದೆವು. ಕನ್ನಡಕ ಬದಲಿಸಲು ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಗೋಡೆಯ ಮೇಲಿನ ಅಕ್ಷರಗಳನ್ನು ಓದಲೊಪ್ಪಲಿಲ್ಲ.

"ಮೇಲಿನ ಸಾಲು ಓದಿ ಸಾರ್" ಎಂದರು ಡಾಕ್ಟರು.

"ಓದಬಹುದು. ಆದ್ರೆ ಅದಕ್ಕೆ ಗೊರಸಿದೆ."

"ಏನಿದೆ?"

"ಗೊರಸು. ಎಲ್ಲ ಅಕ್ಷರಕ್ಕೂ ಇದೆ. ಕೆಳಗಿನ ಸಾಲಲ್ಲಂತೂ ಗೊರಸೇ ಜಾಸ್ತಿ, ಅಕ್ಷರ ಕಮ್ಮಿ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಅವರು ಎರಡು ಪಾಯಿಂಟ್ ಹೆಚ್ಚಿನ ಗಾಜು ಬರೆದುಕೊಟ್ಟು, ಮೂರು ತಿಂಗಳು ಬಿಟ್ಟು ಬನ್ನಿ ಎಂದರು.

ಆ ಹೊಸ ಗಾಜು ಹಾಕಿಕೊಂಡೇ ಇವರು ವಾರ್ಷಿಕ ವರದಿಗೆ ಕೈ ಹಾಕಿದ್ದು. ಈ ಸಲದ ವರದಿ ಸಾಮಾನ್ಯದ್ದಲ್ಲ. ಪ್ರಯೋಗಾಲಯದ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ವರದಿ ಹೊರಬಂದ ಮೂರು ವಾರದಲ್ಲಿ ಜಲಮಂಡಳಿಯ ಅಧ್ಯಕ್ಷರು ಸಾರ್ವಜನಿಕ ಸಭೆ ಕರೆದು ಹೊಸ ಮುಖ್ಯಸ್ಥರ ಹೆಸರು ಹೇಳುವವರಿದ್ದರು. ಹದಿನಾಲ್ಕು ವರ್ಷದ ಪ್ರಭಾರಕ್ಕೆ ಕುರ್ಚಿ ಸಿಗುವ ಕಾಲ. ವರದಿಯಲ್ಲಿ ನಲವತ್ಮೂರು ಗ್ರಾಫ್. ನಲವತ್ಮೂರನ್ನೂ ಇವರು ಹನ್ನೊಂದು ದಿನ ಕೂತು ಬೋಳಿಸಿದರು.

ಕೆಮಿಸ್ಟ್ ಒಮ್ಮೆ ಇಣುಕಿ, "ಸಾರ್, ಅಂಕಿಗಳನ್ನೊಂದು ಸಲ ನನ್ನ ಪುಸ್ತಕದ ಜೊತೆ ತಾಳೆ ನೋಡ್ಕೋತೀರಾ?" ಎಂದಳಂತೆ.

"ಅಂಕಿ ನಿಮ್ಮ ಕೆಲಸಮ್ಮ. ಅಂದ ನನ್ನ ಕೆಲಸ" ಎಂದರಂತೆ ಇವರು.

ಆ ನಲವತ್ಮೂರರಲ್ಲಿ ನಲವತ್ತೆರಡು ಗ್ರಾಫುಗಳು ಮಿಲಿಗ್ರಾಂ ಲೆಕ್ಕದವು. ಒಂದು ಲೀಟರ್ ನೀರಿನಲ್ಲಿ ಇಷ್ಟು ಮಿಲಿಗ್ರಾಂ ಉಪ್ಪು, ಇಷ್ಟು ಮಿಲಿಗ್ರಾಂ ಸುಣ್ಣ, ಹೀಗೆ. ಸೀಸದ ಗ್ರಾಫ್ ಒಂದು ಮಾತ್ರ ಮೈಕ್ರೋಗ್ರಾಂ ಲೆಕ್ಕದ್ದು, ಅಂದರೆ ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು. ನೀರಿನಲ್ಲಿ ಸೀಸ ಅಷ್ಟು ಕಮ್ಮಿ ಇರುತ್ತದೆ, ಇರಬೇಕು. ಮೈಕ್ರೋಗೆ ಒಂದು ಗ್ರೀಕ್ ಚಿಹ್ನೆ ಇದೆ. ನಾವು ಮುದ್ರಣಾಲಯದಲ್ಲಿ ಅದನ್ನು 'ಬಾಲದ ಯು' ಎನ್ನುತ್ತೇವೆ; ನೋಡಲು ಹಾಗೇ ಇದೆ. ಇವರು ಮೆಚ್ಚಿ ತಂದ ಬೋಳು ಅಕ್ಷರಗಳ ಕಂತೆಯಲ್ಲಿ ಬಾಲದ ಯು ಇರಲೇ ಇಲ್ಲ. ಇಲ್ಲವೆಂದು ಕಂಪ್ಯೂಟರು ಹೇಳಲಿಲ್ಲ. ಅದೂ ಕಚೇರಿಯಲ್ಲಿ ಕೂತು ಕೂತು ಕೆಲಸ ಕಲಿತದ್ದು. ಕೇಳಿದ್ದು ಸಿಗದಿದ್ದಾಗ ಕೈಗೆ ಸಿಕ್ಕಿದ್ದನ್ನು ಇಟ್ಟು ಸುಮ್ಮನಾಯಿತು. ಅದಕ್ಕೆ ಸಿಕ್ಕಿದ್ದು ಎಮ್. ಎಮ್ ಎಂದರೆ ಮಿಲಿ.

ಅಷ್ಟೇ ಆಗಿದ್ದರೆ ಯಾರಾದರೂ ಹಿಡಿಯುತ್ತಿದ್ದರೇನೋ. ಆ ಗ್ರಾಫಿನ ನಡುವೆ ಪ್ರತಿ ವರ್ಷ ಒಂದು ಕೆಂಪು ಗೆರೆ ಇರುತ್ತಿತ್ತು, ಇದಕ್ಕಿಂತ ಮೇಲೆ ಹೋದರೆ ಅಪಾಯ ಎನ್ನುವುದಕ್ಕೆ. ಎಲ್ಲ ಕಂಬಗಳೂ ಅದರ ಕೆಳಗೇ ನಿಲ್ಲುತ್ತಿದ್ದವು. ಇವರು ಆ ಗೆರೆಯನ್ನೂ ತೆಗೆದರು. ಕಣ್ಣಿಗೆ ಅಡ್ಡ ಬರುತ್ತಿತ್ತಂತೆ.

ಕರಡು ನನ್ನ ಮೇಜಿಗೆ ಬಂತು. ನನಗೆ ವಿಜ್ಞಾನ ಗೊತ್ತಿಲ್ಲ. ಹೋದ ವರ್ಷದ ಪುಟ ಪಕ್ಕಕ್ಕಿಟ್ಟು ಸಾಲು ಸಾಲೇ ನೋಡುವುದು ಗೊತ್ತು. ನಲವತ್ತೊಂದನೇ ಪುಟಕ್ಕೆ ಬಂದಾಗ ಪೆನ್ಸಿಲ್ ನಿಂತಿತು. ಸಂಜೆ ಮನೆಯಲ್ಲಿ ಕೇಳಿದೆ.

"ಸೀಸದ ಗ್ರಾಫಲ್ಲಿ ಬಾಲದ ಯು ಇತ್ತಲ್ರೀ. ಈಗ ಎಮ್ ಇದೆ."

"ಅದೇ ಇದು."

"ಅದು ಬೇರೆ, ಇದು ಬೇರೆ ಕಾಣುತ್ತೆ."

"ಬೋಳಾದ್ಮೇಲೆ ಹಾಗೇ ಕಾಣೋದು. ತಲೆ ಬೋಳಿಸಿದ್ಮೇಲೆ ಮನುಷ್ಯ ಗುರುತು ಸಿಗ್ತಾನಾ?"

"ಮನುಷ್ಯ ಗುರುತು ಸಿಗದಿದ್ರೆ ಹೆಸರು ಕೇಳ್ತೀವಿ" ಎಂದೆ.

"ನೋಡು, ನೀನು ಅಲ್ಪವಿರಾಮ ನೋಡು. ಪೂರ್ಣವಿರಾಮ ನೋಡು. ಅಳತೆ ನಮಗೆ ಬಿಡು."

ನಮ್ಮ ಮುದ್ರಣಾಲಯದಲ್ಲಿ ಒಂದು ಪದ್ಧತಿ ಇದೆ. ಕರಡು ತಿದ್ದುವವರಿಗೆ ಅನುಮಾನ ಬಂದರೆ ಹಳದಿ ಚೀಟಿಯ ಮೇಲೆ ಪ್ರಶ್ನೆ ಬರೆದು ಆ ಪುಟಕ್ಕೆ ಸಿಕ್ಕಿಸಬೇಕು. ಬರೆದವರು ತಿದ್ದಬೇಕು, ತಿದ್ದುವುದಿಲ್ಲವಾದರೆ ಚೀಟಿಯ ಮೇಲೆ 'ಇದ್ದಂತೆಯೇ ಇರಲಿ' ಎಂದು ಕೈಯಾರೆ ಬರೆದು ಸಹಿ ಹಾಕಬೇಕು. ಅದಿಲ್ಲದೆ ಯಂತ್ರ ತಿರುಗುವುದಿಲ್ಲ. ಗಂಡನಾದರೂ ಅಷ್ಟೆ. ನಾನು ಚೀಟಿ ಸಿಕ್ಕಿಸಿದೆ. ಮರುದಿನ ಇವರು ಬಂದು ನನ್ನ ಮೇಜಿನ ಮುಂದೆ ನಿಂತು, ನನ್ನದೇ ಪೆನ್ನು ಇಸಿದುಕೊಂಡು, 'ಇದ್ದಂತೆಯೇ ಇರಲಿ' ಎಂದು ಬರೆದು ಸಹಿ ಜಡಿದರು. ಸಹಿಯನ್ನೂ ಬೋಳಾಗಿ ಹಾಕುವ ಪ್ರಯತ್ನ ಮಾಡಿದ್ದು ನನಗೆ ಕಂಡಿತು.

ವರದಿ ಮತ್ತೆ ಪ್ರಯೋಗಾಲಯಕ್ಕೆ ಹೋಗಿ ಏಳು ಜನರ ಕೈ ದಾಟಿ ಬಂತು. ಅಲ್ಲಿ ಪ್ರತಿ ಪುಟಕ್ಕೂ ಏಳು ಚಿಕ್ಕ ಸಹಿ ಬೀಳಬೇಕೆಂದು ನಿಯಮ. ಮೊದಲನೆಯವರು, ಆರು ಜನ ನೋಡುವವರಿದ್ದಾರಲ್ಲ ಎಂದು ಹಾಕಿದರು. ಏಳನೆಯವರು, ಆರು ಜನ ನೋಡಿಯಾಗಿದೆಯಲ್ಲ ಎಂದು ಹಾಕಿದರು. ನಡುವಿನ ಐವರು ಹಿಂದಿನ ಸಹಿ ಇದೆಯೇ ಎಂದಷ್ಟೇ ನೋಡಿದರು. ಸಹಿ ಇತ್ತು.

ಅಚ್ಚಾಯಿತು. ನಾನೂರು ಪ್ರತಿ.

ಇಂಥ ವರದಿಗಳನ್ನು ಯಾರೂ ಓದುವುದಿಲ್ಲ. ಓದದಿರಲೆಂದೇ ಅವುಗಳನ್ನು ಬರೆಯುವುದು. ಆದರೆ ನಮ್ಮ ಎದುರುಮನೆಯಲ್ಲಿ ಒಬ್ಬರು ನಿವೃತ್ತ ಪೋಸ್ಟ್‌ಮಾಸ್ಟರಿದ್ದಾರೆ. ವಾಚನಾಲಯಕ್ಕೆ ಏನು ಬಂದರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವುದು ಅವರ ನಿವೃತ್ತಿಯ ಉದ್ಯೋಗ. ಮೂವತ್ನಾಲ್ಕು ವರ್ಷ ಕಾಗದ ತೂಗಿದವರು. ಗ್ರಾಂ, ಮಿಲಿಗ್ರಾಂ ಅವರ ಬೆರಳ ತುದಿಯಲ್ಲಿ. ಹೋದ ವರ್ಷದ ವರದಿಯನ್ನೂ ಅವರು ಓದಿದ್ದರು, ಅದರ ಕೆಂಪು ಗೆರೆಯನ್ನು ನೆನಪಿಟ್ಟಿದ್ದರು. ವಾಚನಾಲಯದಿಂದ ಅವರು ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿಬಂದರು.

"ಏನಮ್ಮಾ, ನಿಮ್ಮ ಯಜಮಾನರು ಮನೇಲಿ ಏನು ಕುಡೀತಾರೆ?"

"ನೀರು" ಎಂದೆ.

"ಯಾವ ಧೈರ್ಯದ ಮೇಲೆ? ಮೂರನೇ ವಲಯದಲ್ಲಿ ಲೀಟರಿಗೆ ಎಂಟು ಮಿಲಿಗ್ರಾಂ ಸೀಸ ಅಂತ ಅವರೇ ಬರೆದಿದಾರೆ! ಇರಬೇಕಾದ್ದಕ್ಕಿಂತ ಎಂಟುನೂರು ಪಟ್ಟು! ನಾನು ಅದೇ ನೀರಲ್ಲಿ ಬೆಳಿಗ್ಗೆ ಬಾಯಿ ಮುಕ್ಕಳಿಸಿದೀನಿ!"

"ಅದು ಅಚ್ಚಿನಲ್ಲಿ ಏನೋ ಹೆಚ್ಚುಕಮ್ಮಿ ಆಗಿರಬೇಕು. ನಾನು ಆಗಲೇ ಕೇಳಿದ್ದೆ…"

"ತೂಕದ ವಿಷಯ ನನಗೆ ಹೇಳಬೇಡಿ" ಎಂದು ಹೇಳಿ ಅವರು ಪತ್ರಿಕಾ ಕಚೇರಿಗೆ ನಡೆದರು.

ಮರುದಿನದ ಪತ್ರಿಕೆಯಲ್ಲಿ ನಮ್ಮವರ ಭಾವಚಿತ್ರ. 'ಸತ್ಯ ಮುಚ್ಚಿಡದ ವಿಜ್ಞಾನಿ' ಎಂದು ಕೆಳಗೆ ಬರೆದಿತ್ತು. ಅಲ್ಲಿಂದ ಮುಂದೆ ಊರಿಗೆ ಊರೇ ರೋಗಿಯಾಯಿತು. ಮೇಲಿನ ಮನೆಯಾಕೆ ತನ್ನ ಕೂದಲು ಉದುರುವುದು ವಯಸ್ಸಿನಿಂದಲ್ಲ, ಸೀಸದಿಂದ ಎಂದು ಕೇಳಿ ಹತ್ತು ವರ್ಷ ಚಿಕ್ಕವಳಾದಳು. ಮೂಲೆಯ ಅಂಗಡಿಯವನು ತನ್ನ ಮಗ ಗಣಿತದಲ್ಲಿ ನಾಲ್ಕು ಸಲ ನಪಾಸಾದದ್ದರ ಕಾರಣ ಇವತ್ತು ತಿಳಿಯಿತೆಂದು ಹುಡುಗನ ತಲೆ ಸವರಿದ. ನಮ್ಮವರ ಚಿಕ್ಕಪ್ಪ ಮುನ್ನೂರು ಮೈಲಿ ಆಚೆಯಿಂದ ಫೋನ್ ಮಾಡಿದರು.

"ನನ್ನ ಮಂಡಿನೋವು ಇದರಿಂದಾನೇ ಕಣಯ್ಯಾ! ನಿಮ್ಮ ಮದುವೇಲಿ ಒಂದು ಲೋಟ ಕುಡಿದಿದ್ದೆ!"

ಇವರು ಮೊದಲ ದಿನ ಏನೂ ಅರ್ಥವಾಗದೆ ಎಲ್ಲರಿಗೂ ತಲೆದೂಗಿದರು. ಜನ ಇಷ್ಟು ಮಂದಿ ಒಟ್ಟಿಗೆ ತಮ್ಮ ಗ್ರಾಫ್ ನೋಡುತ್ತಿದ್ದಾರಲ್ಲ, ಅದೇ ಸಾಕಾಗಿತ್ತು. "ನೋಡಿದೆಯಾ, ಗೊರಸು ಹೋಗಿದ್ದೇ ತಡ, ಜನ ಓದಕ್ಕೆ ಶುರು ಮಾಡಿದ್ರು" ಎಂದರು ನನಗೆ. ಎರಡನೇ ದಿನ ಕೆಮಿಸ್ಟ್ ತನ್ನ ಅಳತೆಯ ಪುಸ್ತಕ ಎದೆಗವಚಿಕೊಂಡು ನಮ್ಮ ಮನೆಗೇ ಬಂದಳು.

"ಸಾರ್, ನಾನು ಬರೆದದ್ದು ಎಂಟು ಮೈಕ್ರೋ. ನೀರು ಸರಿ ಇದೆ. ನಿಮ್ಮ ಗ್ರಾಫ್ ಸರಿ ಇಲ್ಲ."

ಇವರು ಪುಸ್ತಕ ನೋಡಿದರು. ವರದಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅಷ್ಟು ಹೊತ್ತಿಗೆ ಅಂಚೆಯಲ್ಲಿ ಜಲಮಂಡಳಿಯ ಕಾಗದ ಬಂತು. ಇವರ ಧೈರ್ಯವನ್ನು ಅಧ್ಯಕ್ಷರು ಮೆಚ್ಚಿದ್ದಾರೆ, ಸಾರ್ವಜನಿಕ ಸಭೆಯಲ್ಲಿ ಇವರೇ ಮುಖ್ಯ ಭಾಷಣ ಮಾಡಬೇಕು, 'ತಮಗೆ ಸಲ್ಲಬೇಕಾದ ಸ್ಥಾನದ ಬಗ್ಗೆ ಅಂದೇ ಘೋಷಣೆ' ಎಂದಿತ್ತು.

"ಹದಿನೈದು ದಿನ ಸುಮ್ಮನಿರೋಣ" ಎಂದರು ಇವರು. "ಆಮೇಲೆ ನಾನೇ ಮುಖ್ಯಸ್ಥ. ಮುಖ್ಯಸ್ಥನಾಗಿ ನಾನೇ ತಿದ್ದುಪಡಿ ಹೊರಡಿಸ್ತೀನಿ. ನೀರಿಗೇನೂ ಆಗಿಲ್ಲವಲ್ಲ?"

ನೀರಿಗೇನೂ ಆಗಿರಲಿಲ್ಲ, ನಿಜ. ಆದದ್ದು ನನ್ನ ನಾದಿನಿಗೆ.

ನಾದಿನಿ ಎಂದರೆ ಇವರ ಒಬ್ಬಳೇ ತಂಗಿ. ಮೂರನೇ ವಲಯದಲ್ಲಿ, ನಮ್ಮ ಹಿಂದಿನ ಬೀದಿಯಲ್ಲೇ ಪುರಸಭೆಯ ಹಾಲ್ ಪಡೆದು ಒಂಬತ್ತು ವರ್ಷದಿಂದ ಶಿಶುವಿಹಾರ ನಡೆಸುತ್ತಿದ್ದಾಳೆ. ಗಂಡ ಬಿಟ್ಟುಹೋದ ಮೇಲೆ ಅದನ್ನು ಅವಳೊಬ್ಬಳೇ ಕಟ್ಟಿದ್ದು. ಮೂವತ್ತೊಂದು ಮಕ್ಕಳು, ಮೂವತ್ತೊಂದು ಗೂಟಗಳಿಗೆ ಮೂವತ್ತೊಂದು ಚೀಲ. ಗ್ರಾಫಿನಲ್ಲಿ ಎಲ್ಲಕ್ಕಿಂತ ಎತ್ತರದ ಕಂಬ ಮೂರನೇ ವಲಯದ್ದು ಎಂದು ಮಂಡಳಿಯವರು ಬಂದು ಅವಳ ಕೊಳಾಯಿಗೆ ಅರಗಿನ ಮುದ್ರೆ ಒತ್ತಿ, ಬಾಗಿಲಿಗೆ ಆದೇಶ ಅಂಟಿಸಿ ಹೋದರು. ಬಾಡಿಗೆ ಕರಾರಿನಲ್ಲಿ ಹದಿನೈದು ದಿನ ಬಾಗಿಲು ಮುಚ್ಚಿದರೆ ಹಾಲ್ ಸರದಿಯಲ್ಲಿ ಮುಂದಿನವರಿಗೆ ಎಂದು ಬರೆದಿತ್ತು. ಸರದಿಯಲ್ಲಿ ಮುಂದಿನವನು ವ್ಯಾಯಾಮ ಶಾಲೆಯವನು. ಅವನು ಆಗಲೇ ಟೇಪು ಹಿಡಿದು ಬಂದು ಕಿಟಕಿಯಿಂದ ಗೋಡೆ ಅಳೆಯುತ್ತಿದ್ದ.

ಅವಳು ಬಂದು ಅಣ್ಣನ ಮುಂದೆ ಕೂತಳು.

"ಅಣ್ಣಾ, ನೀರು ನಿಜವಾಗ್ಲೂ ಕೆಟ್ಟಿದೆಯಾ?"

"ಅದು… ವೈಜ್ಞಾನಿಕವಾಗಿ ಹೇಳಬೇಕು ಅಂದ್ರೆ…"

"ಹೂಂ ಅನ್ನು, ಇಲ್ಲಾಂದ್ರೆ ಉಹೂಂ ಅನ್ನು."

"ಅದು ಹಾಗೆ ಹೇಳೋ ವಿಷಯ ಅಲ್ಲ ಕಣೇ. ಒಂದು ಹದಿನೈದು ದಿನ ತಡಕೋ."

"ಹದಿನಾಲ್ಕು ತಡಕೋಬಹುದು. ಹದಿನೈದು ತಡಕೊಂಡ್ರೆ ನನ್ನ ಹಾಲಲ್ಲಿ ಗಂಡಸರು ಕಬ್ಬಿಣ ಎತ್ತುತಿರ್ತಾರೆ."

ಇವರು ಎದ್ದು ಒಳಗೆ ಹೋಗಿ, ಮಂಚದ ಕೆಳಗಿದ್ದ ಗಡಿಯಾರ ತೆಗೆದು ಧೂಳು ಒರೆಸತೊಡಗಿದರು. ಉತ್ತರ ಇಲ್ಲದಾಗ ಗಂಡಸರಿಗೆ ಮನೆಗೆಲಸ ನೆನಪಾಗುತ್ತದೆ. ನಾನು ನಾದಿನಿಯನ್ನು ಅಡುಗೆಮನೆಗೆ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಅಳಲಿಲ್ಲ. ಬಹಳ ಹೊತ್ತು ನಮ್ಮ ಮನೆಯ ಕೊಳಾಯಿಯನ್ನೇ ನೋಡಿದಳು.

ನಾನು ಮಂಡಳಿಯ ಕಚೇರಿಗೆ ಹೋದೆ. ಗುಮಾಸ್ತರು ನನ್ನ ಮಾತು ಪೂರ್ತಿ ಕೇಳಿ, "ತಾವು ಯಾರು?" ಎಂದರು.

"ಕರಡು ತಿದ್ದುವವಳು."

"ತಪ್ಪಿದೆ ಅಂತ ಹೇಳೋ ಅಧಿಕಾರ ವರದಿಗೆ ಸಹಿ ಮಾಡಿದವರಿಗೆ ಮಾತ್ರ ಅಮ್ಮ. ಸಹಿ ಮಾಡಿದವರು ತಮಗೆ ಏನಾಗಬೇಕು?"

"ಗಂಡ."

"ಹಾಗಾದ್ರೆ ಮನೇಲೇ ಮಾತಾಡ್ಕೊಳ್ಳಿ" ಎಂದು ಮುಂದಿನವರನ್ನು ಕರೆದರು.

ಕೆಮಿಸ್ಟ್ ಬರೆದ ಟಿಪ್ಪಣಿಗೂ ಏಳು ಸಹಿ ಬೇಕಿತ್ತು. ವಾರವಾದರೂ ಅದು ಮೂರನೆಯವರ ಮೇಜು ದಾಟಿರಲಿಲ್ಲ. ಎರಡನೆಯವರ ಸಹಿ ಸರಿಯಾಗಿ ಮೂಡಿಲ್ಲವೆಂದು ಮೂರನೆಯವರು ಹಿಂದಕ್ಕೆ ಕಳಿಸಿದ್ದರು. ಪೋಸ್ಟ್‌ಮಾಸ್ಟರರಿಗೆ ಹೇಳಿದೆ. ಅವರು ಕರುಣೆಯಿಂದ ನನ್ನ ಕಡೆ ನೋಡಿ, "ಹೆದರಬೇಡಿಯಮ್ಮ. ದೊಡ್ಡವರ ಮನೆಯವರಿಗೆ ಅವರ ಧೈರ್ಯ ಅರ್ಥವಾಗೋದು ತಡ" ಎಂದರು.

ಹದಿನಾಲ್ಕನೇ ದಿನ ಸಂಜೆ ನಾಲ್ಕಕ್ಕೆ ಸಭೆ. ನಾನು ಹಳದಿ ಚೀಟಿಯನ್ನು ಮುದ್ರಣಾಲಯದ ಕಡತದಿಂದ ಬಿಡಿಸಿಕೊಂಡು ಕೈಚೀಲದಲ್ಲಿಟ್ಟೆ. ಬಾಗಿಲಲ್ಲಿ ನಾದಿನಿ ಸಿಕ್ಕಳು. ಅವಳ ಒಂದು ಕೈಯಲ್ಲಿ ಗಾಜಿನ ಜಗ್ಗು, ಇನ್ನೊಂದರಲ್ಲಿ ಲೋಟ.

"ಅತ್ತಿಗೆ, ನಿಮ್ಮ ಚೀಟಿ ಸ್ವಲ್ಪ ಹೊತ್ತು ಚೀಲದಲ್ಲೇ ಇರಲಿ" ಎಂದಳು. "ಅಣ್ಣ ಚಿಕ್ಕೋನಿದ್ದಾಗಿಂದ ಒಂದೇ. ಮಾತಾಡ್ತಾ ಮಾತಾಡ್ತಾ ಕೈ ಚಾಚ್ತಾನೆ. ಕೈಗೆ ಏನು ಕೊಟ್ಟರೂ ಕುಡೀತಾನೆ."

ನಾವಿಬ್ಬರೂ ಮೊದಲ ಸಾಲಿನಲ್ಲಿ, ಭಾಷಣದ ಮೇಜು ಕೈಗೆಟಕುವ ಹಾಗೆ ಕೂತೆವು. ವೇದಿಕೆಯ ಮೇಲೆ ಅಧ್ಯಕ್ಷರು, ಏಳು ಚಿಕ್ಕ ಸಹಿಯವರು. ಹೊರಗಿನಿಂದ ತರಿಸಿದ ಬಾಟಲಿ ನೀರನ್ನು ಅವರು ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಮುಗಿಸಿದ್ದರು. ಸಭಾಂಗಣದಲ್ಲಿ ಕೂರಲು ಜಾಗವಿರಲಿಲ್ಲ. ಹಿಂದಿನ ಗೋಡೆಗೆ ಒರಗಿ ವ್ಯಾಯಾಮ ಶಾಲೆಯವನು ಟೇಪಿನ ಸಮೇತ ನಿಂತಿದ್ದ.

ನಮ್ಮವರು ಎದ್ದರು. ನೀರಿನ ಬಗ್ಗೆ ಮಾತಾಡಲು ಅವರಿಗೆ ಧೈರ್ಯವಿರಲಿಲ್ಲ. ಆದ್ದರಿಂದ ಅಕ್ಷರಗಳ ಬಗ್ಗೆ ಮಾತಾಡಿದರು. ಗೊರಸಿರುವ ಅಕ್ಷರ ಕಣ್ಣಿಗೆ ಹೇಗೆ ತೊಡರುತ್ತದೆ, ಮಾತೊಂದು ಬಗೆ ಸೂತ್ರವೊಂದು ಬಗೆ ಆದರೆ ಗ್ರಾಫಿನ ಮನಸ್ಸು ಹೇಗೆ ಒಡೆಯುತ್ತದೆ, ಎಲ್ಲವನ್ನೂ ಬೋಳಿಸಿದಾಗ ಸತ್ಯ ಹೇಗೆ ಎದ್ದು ಕಾಣುತ್ತದೆ. ನಲವತ್ತು ನಿಮಿಷ. ಜನ ಇದರಲ್ಲಿ ಏನೋ ದೊಡ್ಡ ಅರ್ಥವಿರಬೇಕೆಂದು ಕೇಳಿದರು. ಪೋಸ್ಟ್‌ಮಾಸ್ಟರು ಕಣ್ಣೊರೆಸಿಕೊಂಡರು.

ನಲವತ್ತೊಂದನೇ ನಿಮಿಷಕ್ಕೆ ಗಂಟಲು ಕಟ್ಟಿತು. ಮಾತು ನಿಲ್ಲಿಸದೆ ಇವರು ಪಕ್ಕಕ್ಕೆ ಕೈ ಚಾಚಿದರು. ನಾದಿನಿ ಲೋಟ ತುಂಬಿ ಆ ಕೈಗಿಟ್ಟಳು. ಗಟಗಟನೆ ಕುಡಿದು ಲೋಟ ಹಿಂದಕ್ಕೆ ಚಾಚಿ, "ಇನ್ನೊಂದು" ಎಂದರು. ಇನ್ನೊಂದೂ ಹೋಯಿತು.

"ಎಲ್ಲಿಯ ನೀರಮ್ಮ ಅದು?" ಎಂದು ಮೊದಲು ಕೇಳಿದವರು ಪೋಸ್ಟ್‌ಮಾಸ್ಟರು. ಅವರಿಗೆ ಬಾಯಾರಿತ್ತು ಅಂತ ಕಾಣುತ್ತದೆ.

ನಾದಿನಿ ಎದ್ದು ನಿಂತು, ಸಭಾಂಗಣದ ಕೊನೆಗೂ ಕೇಳುವ ಹಾಗೆ ಹೇಳಿದಳು: "ಎಲ್ಲಿಯದಾಗಬೇಕು? ನನ್ನ ಶಿಶುವಿಹಾರದ್ದು. ಒಳಗಿನ ಕೊಳಾಯಿಗೆ ಮುದ್ರೆ ಒತ್ತಿದ್ರಿ. ಗೋಡೆಯಾಚೆ ಇರೋದನ್ನ ಮರೆತಿದ್ರಿ. ಮೂರನೇ ವಲಯ. ಎಲ್ಲಕ್ಕಿಂತ ಎತ್ತರದ ಕಂಬ."

ಮೊದಲು ಮೇಲಿನ ಮನೆಯಾಕೆ ಕಿರುಚಿದಳು. "ಕುಡಿದುಬಿಟ್ರಲ್ರೀ!" "ಮಲಗಿಸಿ!" "ಮಲಗಿಸಬೇಡಿ, ವಾಂತಿ ಮಾಡಿಸಿ!" "ಡಾಕ್ಟರು ಯಾರಾದ್ರೂ ಇದ್ದೀರಾ?" ಇದ್ದರು. ಕಣ್ಣಿನ ಡಾಕ್ಟರು. ಅವರು ಮೇಜು ಹಾರಿ ಬಂದು, ಜನ ಆಗಲೇ ನೆಲದ ಮೇಲೆ ಮಲಗಿಸಿದ್ದ ನಮ್ಮವರ ರೆಪ್ಪೆ ಎತ್ತಿ, ಗೋಡೆಯ ಮೇಲಿನ ಬ್ಯಾನರ್ ತೋರಿಸಿ, "ಅಕ್ಷರ ಕಾಣಿಸ್ತಿದೆಯಾ ಸಾರ್? ಮೇಲಿನ ಸಾಲು ಓದಿ!" ಎಂದು ಕೂಗಿದರು. ವ್ಯಾಯಾಮ ಶಾಲೆಯವನು ಜನರನ್ನು ಎರಡೂ ಕೈಯಿಂದ ಸರಿಸಿ ಬಂದು, ಇವರ ಕಾಲು ಹಿಡಿದು ತಲೆಕೆಳಗಾಗಿ ಎತ್ತಲು ಹೊರಟ. ಅವನ ಹೆಬ್ಬೆರಳು ಇವರ ಪಾದ ಮುಟ್ಟಿತ್ತೋ ಇಲ್ಲವೋ, ಹದಿನಾಲ್ಕು ದಿನದ ಮೌನ ಒಡೆಯಿತು.

"ಮೈಕ್ರೋ!" ಎಂದು ಚೀರಿದರು ನಮ್ಮವರು. "ಮೈಕ್ರೋ ಕಣ್ರೀ! ಮಿಲಿ ಅಲ್ಲ! ನೀರು ಚೆನ್ನಾಗಿದೆ! ಬಿಡ್ರೀ ಕಾಲು!"

ಕೆಮಿಸ್ಟ್ ಎದ್ದು ತನ್ನ ಪುಸ್ತಕ ತೆರೆದು ಎರಡೇ ವಾಕ್ಯದಲ್ಲಿ ವಿಷಯ ಹೇಳಿದಳು. ಅದನ್ನು ಅವಳು ಎರಡು ವಾರದಿಂದ ಮನಸ್ಸಿನಲ್ಲೇ ತಿದ್ದಿಟ್ಟುಕೊಂಡಿದ್ದಳೆಂದು ಕಾಣುತ್ತದೆ. ಒಂದು ಪದ ಹೆಚ್ಚಿರಲಿಲ್ಲ. ಅಧ್ಯಕ್ಷರು ಮೂರು ಸಲ ತಲೆಯಾಡಿಸಿ, ಮೈಕಿಗೆ ಬಾಗಿ, "ಹಾಗಾದರೆ ಇದು ಮುದ್ರಣದ ತಪ್ಪು. ಮುದ್ರಣಾಲಯದವರ ಮೇಲೆ ಕಠಿಣ ಕ್ರಮ…" ಎಂದರು. ಏಳು ಚಿಕ್ಕ ಸಹಿಯವರು ಒಟ್ಟಿಗೆ ತಲೆದೂಗಿದರು. ಅವರೆಲ್ಲ ಒಂದೇ ಕೆಲಸವನ್ನು ಒಂದೇ ಹೊತ್ತಿನಲ್ಲಿ ಮಾಡಿದ್ದು ಅದೇ ಮೊದಲು.

"ಹೌದು ಹೌದು, ಅಚ್ಚಿನಲ್ಲೇ…" ಎಂದರು ನಮ್ಮವರು ನೆಲದಿಂದ. ಡಾಕ್ಟರು ಒಂದು ರೆಪ್ಪೆಯನ್ನಿನ್ನೂ ಎತ್ತಿ ಹಿಡಿದಿದ್ದರು. ಆ ಒಂದು ಕಣ್ಣು ನನ್ನನ್ನು ಕಂಡಿತು, ಮತ್ತು ಮುಚ್ಚಿಕೊಳ್ಳಲು ಆಗಲಿಲ್ಲ.

ನಾನು ಕೈಚೀಲ ತೆರೆದೆ.

"ಪುಟ ನಲವತ್ತೊಂದು" ಎಂದು ಓದಿದೆ. "ಪ್ರಶ್ನೆ: ಹೋದ ವರ್ಷ ಇಲ್ಲಿ ಬಾಲದ ಯು ಇತ್ತು, ಈಗ ಎಮ್ ಇದೆ, ಸರಿಯೇ? ಕೆಂಪು ಗೆರೆ ಎಲ್ಲಿ? ಉತ್ತರ: ಇದ್ದಂತೆಯೇ ಇರಲಿ. ಕೆಳಗೆ ಸಹಿ ಇದೆ."

ಪೋಸ್ಟ್‌ಮಾಸ್ಟರು ಚೀಟಿ ಇಸಿದುಕೊಂಡು ಬೆಳಕಿಗೆ ಹಿಡಿದರು. ರಿಜಿಸ್ಟರ್ಡ್ ಕಾಗದಗಳ ಸಹಿಗಳನ್ನು ತಾಳೆ ನೋಡಿ ನೋಡಿ ಸವೆದ ಕಣ್ಣು. "ಅವರದ್ದೇ" ಎಂದರು, ತುಂಬ ದುಃಖದಿಂದ. ಆಮೇಲೆ ಜಗ್ಗಿನಲ್ಲಿ ಉಳಿದಿದ್ದ ನೀರನ್ನು ಲೋಟಕ್ಕೆ ಬಗ್ಗಿಸಿಕೊಂಡು, ಎರಡು ವಾರದ ಬಾಯಾರಿಕೆಯನ್ನೆಲ್ಲ ಸೇರಿಸಿ ಕುಡಿದರು.

ಅಧ್ಯಕ್ಷರು ಸಭೆ ಮುಗಿಯಿತೆಂದು ಎದ್ದರು. ನಾದಿನಿ ಮೆಟ್ಟಿಲಲ್ಲಿ ಅಡ್ಡ ಕೂತಳು.

"ನಾಳೆಗೆ ಹದಿನೈದು ದಿನ. ಇವತ್ತೇ ಬರೆದುಕೊಡಿ ಸ್ವಾಮಿ."

"ಕಚೇರಿಗೆ ಬಾಮ್ಮ, ಟೈಪ್ ಮಾಡಿಸಿ…"

"ಟೈಪ್ ಬೇಡ. ಅದರಿಂದಾನೇ ಇಷ್ಟೆಲ್ಲ ಆಗಿದ್ದು. ಕೈಯಲ್ಲೇ ಬರೀರಿ."

ಅವರು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ, ಇವರ ಭಾಷಣದ ಮೇಜಿನ ಮೇಲೆಯೇ ಬರೆದುಕೊಟ್ಟರು. ವ್ಯಾಯಾಮ ಶಾಲೆಯವನು ಟೇಪನ್ನು ಸುರುಳಿ ಸುತ್ತಿ ಜೇಬಿಗಿಟ್ಟ. ಮರುದಿನ ಎಂಟೂವರೆಗೆ ಮೂವತ್ತೊಂದು ಗೂಟದಲ್ಲಿ ಮೂವತ್ತೊಂದು ಚೀಲ ತೂಗಿದವು.

ಮುಖ್ಯಸ್ಥನ ಕುರ್ಚಿ ಏಳನೇ ಸಹಿಯವರಿಗೆ ಹೋಯಿತು. ಇಡೀ ಪ್ರಕರಣದಲ್ಲಿ ಏನನ್ನೂ ನೋಡದೆ ಇದ್ದ ಏಕೈಕ ನಿಷ್ಪಕ್ಷಪಾತಿ ಅವರೆಂದು ಮಂಡಳಿ ತೀರ್ಮಾನಿಸಿತು. ನಮ್ಮವರು ಪ್ರಭಾರಿಯಾಗಿಯೇ ಉಳಿದರು. ತಂಗಿ ಅವರೊಡನೆ ಮಾತು ಬಿಡಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದಳು. ಇವರು ಮನೆಗೆ ಹೋದಾಗಲೆಲ್ಲ ಮೊದಲು ಒಂದು ಲೋಟ ನೀರು ತಂದು ಮುಂದಿಡುತ್ತಾಳೆ, ಮುಗಿಯುವವರೆಗೂ ಎದುರಿಗೆ ನಿಂತಿರುತ್ತಾಳೆ.

ನಾನೂರು ಪ್ರತಿಗಳಿಗೂ ತಿದ್ದುಪಡಿ ಚೀಟಿ ಅಂಟಿಸಬೇಕೆಂದು ಆದೇಶವಾಯಿತು. ಅದರ ಕರಡು ತೆಗೆದುಕೊಂಡು ಇವರೇ ಮುದ್ರಣಾಲಯಕ್ಕೆ ಬಂದರು. ಮೂರೇ ಸಾಲು, ನಡುವೆ ದೊಡ್ಡದಾಗಿ ಬಾಲದ ಯು. ನಾನು ನಮ್ಮಲ್ಲಿರುವುದರಲ್ಲೇ ಅತಿ ದಪ್ಪ ಗೊರಸಿನ ಅಕ್ಷರ ಆರಿಸಿ ಕೂರಿಸಿದ್ದೆ. ಕುದುರೆ ಕೂಡ ನೋಡಿ 'ಗೊರಸು ಸ್ವಲ್ಪ ಜಾಸ್ತಿಯಾಯಿತು' ಎನ್ನಬೇಕು, ಅಷ್ಟು. ಇವರು ಅದನ್ನು ಬಹಳ ಹೊತ್ತು ನೋಡಿದರು. ಕನ್ನಡಕ ಸರಿಮಾಡಿಕೊಂಡರು. ಸುತ್ತ ಯಾರಿಗೂ ಕೇಳಬಾರದೆಂದು ಮೆಲ್ಲಗೆ ಬಾಗಿದರು.

"ಏನೇ… ಇದನ್ನ ಒಂಚೂರು… ಬೋಳಾಗಿ…"

ನಾನು ಹಳದಿ ಚೀಟಿಯೊಂದನ್ನು ಎಳೆದು ಅವರ ಮುಂದಿಟ್ಟು ಪೆನ್ನು ಕೊಟ್ಟೆ. ಅವರು ತಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಬರೆದರು. ನಾನು ಅದರ ಕೆಳಗೆ 'ಇದ್ದಂತೆಯೇ ಇರಲಿ' ಎಂದು ಬರೆದು, ಸಹಿ ಮಾಡಿ, ಯಂತ್ರದವನಿಗೆ ಕೊಟ್ಟೆ.